ಮಕ್ಕಳ ತೋಟದ ಮಾಲಿಗಳಿಗೂ ಪಾಠ ಬೇಕು

ನಮ್ಮ ಕನ್ನಡ ಕೂಟದಲ್ಲಿ ಗಣೇಶನ ಹಬ್ಬದ ತಯಾರಿ ಶುರುವಾಗುವ ಹೊತ್ತಿಗೇ ಅಮೆರಿಕದ ಶಾಲೆಗಳೂ ಬಾಗಿಲು ತೆರೆಯುತ್ತವೆ. ಊರಿನಲ್ಲಾದರೆ ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಹೊಸ ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿಕೊಂಡು ಹೋಗುತ್ತಿದ್ದೆವು. ಇಲ್ಲಿ ಆಗಸ್ಟ್ ಬಿಸಿಲಿನಲ್ಲಿ ಹಳದಿ ಬಸ್ಸು ಬಂದು ನಿಲ್ಲುತ್ತದೆ. ಐದು ವರ್ಷದ ಮಗು ತನ್ನಷ್ಟೇ ದೊಡ್ಡ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಬಸ್ಸು ಹತ್ತುತ್ತದೆ. ಅಪ್ಪ ಫೋಟೋ ತೆಗೆಯುತ್ತಾರೆ, ಅಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ಇದಾಗಿ ಐದಾರು ವಾರಕ್ಕೆ ಮಕ್ಕಳ ವೈದ್ಯನಾದ ನನಗೆ ಫೋನುಗಳು ಬರತೊಡಗುತ್ತವೆ. "ಡಾಕ್ಟ್ರೇ, ಸ್ಕೂಲಿಂದ ಟೀಚರ್ ಕರೆಸಿದ್ರು..."

ಒಬ್ಬ ಕೂತಲ್ಲಿ ಕೂರುವುದಿಲ್ಲ. ಇನ್ನೊಬ್ಬ ಪಕ್ಕದ ಹುಡುಗನನ್ನು ಕಚ್ಚಿದ್ದಾನೆ. ಮತ್ತೊಬ್ಬಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು, ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಕೆಲವು ತಂದೆತಾಯಿಯರು ಈಗಲೇ ಮಾತ್ರೆ ಬರೆದುಕೊಡಿ ಅನ್ನುತ್ತಾರೆ. ಇನ್ನು ಕೆಲವರಿಗೆ ತಪ್ಪೆಲ್ಲ ಟೀಚರದ್ದೇ. ಆದರೆ ಆ ಟೀಚರಿಗೆ ಇಪ್ಪತ್ತು ಇಪ್ಪತ್ತೆರಡು ಪುಟ್ಟ ಮಕ್ಕಳ ನಡುವೆ ಇಂಥ ಸಂದರ್ಭವನ್ನು ಹೇಗೆ ನಿಭಾಯಿಸಬೇಕೆಂದು ಯಾರಾದರೂ ಹೇಳಿಕೊಟ್ಟಿದ್ದಾರೆಯೇ ಎಂದು ಕೇಳುವವರು ಅಪರೂಪ.

ಈ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಕೆಲವು ವರ್ಷಗಳಿಂದ ಓಹಾಯೋದ ನಮ್ಮ ಊರಿನಲ್ಲಿ ಕಿಂಡರ್‌ಗಾರ್ಟನ್ ಟೀಚರುಗಳಿಗೆ ನಡೆಯುವ ತರಬೇತಿಗೆ ಹೋಗುತ್ತಿದ್ದೇನೆ. ಮನಶ್ಶಾಸ್ತ್ರಜ್ಞೆಯೊಬ್ಬರು ಮುಖ್ಯ ಪಾಠ ಮಾಡುತ್ತಾರೆ, ನಾನು ವೈದ್ಯನ ಕಡೆಯ ನಾಲ್ಕು ಮಾತು ಸೇರಿಸುತ್ತೇನೆ. ಅಲ್ಲಿ ಕಂಡದ್ದನ್ನು ನಮ್ಮ ಕನ್ನಡ ಕುಟುಂಬಗಳ ಜೊತೆ ಹಂಚಿಕೊಳ್ಳಬೇಕೆಂದು ಬಹಳ ದಿನದ ಆಸೆ.

ಹೆಸರಿನಲ್ಲೇ ಇದೆ ತೋಟ

ಕಿಂಡರ್‌ಗಾರ್ಟನ್ ಎಂದರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞರು 1840ರಲ್ಲಿ ಇಟ್ಟ ಹೆಸರು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಶುರುವಾದದ್ದು 1856ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್‌ನಲ್ಲಿ. ಅದನ್ನು ತೆರೆದ ಮಾರ್ಗರೆಥೆ ಶೂರ್ಟ್ಸ್ ನಮ್ಮ ಹಾಗೆಯೇ ವಲಸೆ ಬಂದವರು. ಅಲ್ಲಿ ಪಾಠ ನಡೆಯುತ್ತಿದ್ದುದು ಮಕ್ಕಳ ಮನೆಮಾತಾದ ಜರ್ಮನ್ ಭಾಷೆಯಲ್ಲಿ! ನಮ್ಮ ಕನ್ನಡ ಕಲಿ ಶಾಲೆಗಳ ಸ್ವಯಂಸೇವಕರು ಇದನ್ನು ಓದಿ ಖುಷಿಪಡಬಹುದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ನಮ್ಮ ಕಾಲದಲ್ಲಿ ಬಗ್ಗಿಸುವ ವಿಧಾನವೂ ಸರಳವಾಗಿತ್ತು. ಬೆತ್ತ, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು. ಒಂದನೇ ಕ್ಲಾಸಿನಲ್ಲಿ ನನ್ನ ಜೊತೆಗಿದ್ದ ಒಬ್ಬ ಹುಡುಗ ಕೂತದ್ದಕ್ಕಿಂತ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಅವನು ಶಾಲೆಯನ್ನೇ ಬಿಟ್ಟಿದ್ದ. ಅವನಿಗೆ ಏನಾಗಿತ್ತೆಂದು ಯಾರೂ ಕೇಳಲಿಲ್ಲ. ಕೇಳಬೇಕೆಂದು ಆ ಮೇಷ್ಟ್ರಿಗೂ ಯಾರೂ ಕಲಿಸಿರಲಿಲ್ಲ. ಗಿಡ ಬಾಡಿದರೆ ಒಳ್ಳೆಯ ಮಾಲಿ ಗಿಡವನ್ನು ಬೈಯುವುದಿಲ್ಲ. ಬುಡದ ಮಣ್ಣು ಮುಟ್ಟಿ ನೋಡುತ್ತಾನೆ. ನೀರು ಹೆಚ್ಚಾಯಿತೋ ಬಿಸಿಲು ಕಡಿಮೆಯಾಯಿತೋ ಎಂದು ವಿಚಾರಿಸುತ್ತಾನೆ. ಟೀಚರುಗಳ ತರಬೇತಿಯ ಸಾರವೂ ಇಷ್ಟೇ.

ನಾಲ್ಕು ವರ್ಷಕ್ಕೇ ಶಾಲೆಯಿಂದ ಹೊರಗೆ

ಶಾಲೆಯಿಂದ ಹೊರಹಾಕುವುದೆಂದರೆ ಮೀಸೆ ಮೂಡಿದ ಹುಡುಗರ ವಿಷಯ ಅಂದುಕೊಳ್ಳುತ್ತೇವೆ. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಂ ಅವರು ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ತಲೆಕೆಳಗು ಮಾಡಿತು. 40 ರಾಜ್ಯಗಳಲ್ಲಿ ಸರ್ಕಾರದ ಹಣದಿಂದ ನಡೆಯುವ, ಕಿಂಡರ್‌ಗಾರ್ಟನ್‌ಗೂ ಮುಂಚಿನ ಪ್ರಿ-ಕೆ ತರಗತಿಗಳನ್ನು ನೋಡಿದಾಗ, ಪ್ರತಿ 1000 ಮಕ್ಕಳಲ್ಲಿ ಸುಮಾರು 6.7 ಮಕ್ಕಳನ್ನು ವರ್ತನೆಯ ಕಾರಣಕ್ಕೆ ಹೊರಗೆ ಕಳಿಸಲಾಗಿತ್ತು. ಇದು ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ತರಗತಿಯವರೆಗಿನ ಪ್ರಮಾಣದ ಮೂರು ಪಟ್ಟಿಗೂ ಹೆಚ್ಚು! ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳು ನಾಲ್ಕೂವರೆ ಪಟ್ಟು, ಬಿಳಿಯ ಮಕ್ಕಳಿಗಿಂತ ಕಪ್ಪು ಮಕ್ಕಳು ಸುಮಾರು ಎರಡು ಪಟ್ಟು ಹೆಚ್ಚಾಗಿ ಹೊರಬಿದ್ದಿದ್ದರು.

ಅದೇ ಅಧ್ಯಯನದಲ್ಲಿ ಒಂದು ಆಶಾದಾಯಕ ಸಂಗತಿಯೂ ಇತ್ತು. ಯಾವ ತರಗತಿಯ ಟೀಚರಿಗೆ ಮಕ್ಕಳ ಮನಸ್ಸು ಬಲ್ಲ ಸಲಹೆಗಾರರ ನೆರವು ಸಿಗುತ್ತಿತ್ತೋ ಅಲ್ಲಿ ಈ ಪ್ರಮಾಣ ಕಡಿಮೆಯಿತ್ತು. ಆಮೇಲೆ ಕಾನೂನುಗಳೂ ಬಂದವು. ಕನೆಕ್ಟಿಕಟ್ 2015ರಲ್ಲಿ, ನಮ್ಮ ಓಹಾಯೋ 2018ರಲ್ಲಿ ಪುಟ್ಟ ಮಕ್ಕಳನ್ನು ಶಾಲೆಯಿಂದ ಹೊರಹಾಕುವುದಕ್ಕೆ ಕಡಿವಾಣ ಹಾಕಿದವು. ಆದರೆ "ಹೊರಗೆ ಕಳಿಸಬೇಡಿ" ಎಂದು ಟೀಚರಿಗೆ ಹೇಳಿದರೆ ಸಾಲದು. "ಹಾಗಾದರೆ ಏನು ಮಾಡಲಿ?" ಎಂಬ ಆಕೆಯ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕಲ್ಲವೆ?

ತರಬೇತಿಯಲ್ಲಿ ಏನಿರುತ್ತದೆ?

ಟೀಚರುಗಳನ್ನು ಅರೆ ಡಾಕ್ಟರರನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ರೋಗದ ಹೆಸರು ಹೇಳುವುದು ಅವರ ಕೆಲಸವಲ್ಲವೆಂದು ಮೊದಲ ದಿನವೇ ಸ್ಪಷ್ಟಪಡಿಸುತ್ತೇವೆ. ಅವರು ಕಲಿಯಬೇಕಾದದ್ದು ನೋಡುವುದನ್ನು. ಮಗು ಹೊಡೆಯಿತು ಎಂದಷ್ಟೇ ಬರೆಯದೆ, ಅದಕ್ಕೆ ಮುಂಚೆ ಏನು ನಡೆದಿತ್ತು, ಮಗು ನಿಖರವಾಗಿ ಏನು ಮಾಡಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು, ಈ ಮೂರನ್ನೂ ಬರೆಯಬೇಕು. ಎರಡು ವಾರ ಬರೆದರೆ ಸಾಕು, ಎಷ್ಟೋ ಸಲ ಕಾರಣ ತಾನಾಗಿಯೇ ಎದ್ದು ಕಾಣುತ್ತದೆ.

ಎರಡನೆಯದು, ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಗೋಡೆಗೆ ಹಾಕುವುದು ಮತ್ತು ಆಟ ನಿಲ್ಲಿಸುವ ಐದು ನಿಮಿಷ ಮುಂಚೆ ಸೂಚನೆ ಕೊಡುವುದು. ಮೂರನೆಯದು ಹೊಗಳುವ ರೀತಿ. ಬರೀ "ಜಾಣ ಮರಿ" ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. "ನಿನ್ನ ಸರದಿ ಬರುವ ತನಕ ಕಾದೆಯಲ್ಲ, ಬಹಳ ಚೆನ್ನಾಗಿತ್ತು" ಅಂದರೆ ನಾಳೆಯೂ ಕಾಯುತ್ತದೆ.

ನಾಲ್ಕನೆಯದು ನನಗೆ ತುಂಬಾ ಇಷ್ಟವಾದದ್ದು, ಆಮೆಯ ಪಾಠ. 1970ರ ದಶಕದಲ್ಲಿ ರೂಪುಗೊಂಡ ವಿಧಾನವಿದು. ಸಿಟ್ಟು ಬಂದಾಗ ಮಗು ಆಮೆಯ ಹಾಗೆ ಕೈಕಾಲು ಮುದುರಿ, ಚಿಪ್ಪಿನೊಳಗೆ ಹೋದಂತೆ ಮಾಡಿ, ಮೂರು ಸಲ ನಿಧಾನವಾಗಿ ಉಸಿರಾಡಿ, ಏನು ಮಾಡಬೇಕೆಂದು ಯೋಚಿಸಿ ಹೊರಬರಬೇಕು. ಮೊದಲ ಸಲ ಇದನ್ನು ಕೇಳಿದಾಗ ನನಗೆ ನಗು ಬಂತು. ಗೀತೆಯ ಎರಡನೇ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಕೊಟ್ಟಿರುವ ಹೋಲಿಕೆಯೂ ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯದೇ! ಕೃಷ್ಣ ಅರ್ಜುನನಿಗೆ ಹೇಳಿದ್ದನ್ನು ಇಲ್ಲಿ ಐದು ವರ್ಷದ ಮಕ್ಕಳು ಕಂಬಳಿಯ ಮೇಲೆ ಕೂತು ಅಭ್ಯಾಸ ಮಾಡುತ್ತಾರೆ.

ಒಂದು ಎಚ್ಚರಿಕೆ. ಒಂದು ದಿನದ ಭಾಷಣ ಕೇಳಿಸಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸಿದರೆ ಪ್ರಯೋಜನ ಕಡಿಮೆ. ಬಡ ಕುಟುಂಬದ ಮಕ್ಕಳಿಗಾಗಿ 1965ರಲ್ಲಿ ಶುರುವಾದ ಹೆಡ್ ಸ್ಟಾರ್ಟ್ ಯೋಜನೆಯ ತರಗತಿಗಳಲ್ಲಿ, ಶಿಕಾಗೋ ನಗರದಲ್ಲಿ 2004ರಿಂದ 2006ರವರೆಗೆ ಒಂದು ಪ್ರಯೋಗ ನಡೆಯಿತು. ಅಲ್ಲಿ ಟೀಚರುಗಳಿಗೆ 30 ಗಂಟೆಗಳ ತರಬೇತಿಯ ಜೊತೆಗೆ, ಮಾನಸಿಕ ಆರೋಗ್ಯದ ಸಲಹೆಗಾರರು ವಾರವಾರವೂ ತರಗತಿಗೇ ಬಂದು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರು. ಟೀಚರುಗಳ ಒತ್ತಡ ಇಳಿಸುವುದೂ ಆ ಕಾರ್ಯಕ್ರಮದ ಭಾಗವಾಗಿತ್ತು. ಅಂಥ ತರಗತಿಗಳಲ್ಲಿ ಮಕ್ಕಳ ವರ್ತನೆಯ ತೊಂದರೆಗಳು ಕಡಿಮೆಯಾದವು. ಸಂಗೀತ ಕಲಿತ ಹಾಗೆಯೇ ಇದು. ಗುರು ಎದುರಿಗೆ ಕೂತು ತಾಳ ತಪ್ಪಿದಲ್ಲಿ ತಿದ್ದಬೇಕು.

ಹನ್ನೊಂದರಲ್ಲಿ ಒಂಬತ್ತು

ಒಬ್ಬ ಕನ್ನಡದ ಹುಡುಗನ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕಿಂಡರ್‌ಗಾರ್ಟನ್‌ಗೆ ಬರುವ ಮುಂಚೆಯೇ ಒಂದು ಡೇ ಕೇರ್‌ನವರು ಅವನನ್ನು "ಬೇರೆ ಕಡೆ ನೋಡಿಕೊಳ್ಳಿ" ಎಂದು ಕಳಿಸಿದ್ದರು. ಹೊಸ ಶಾಲೆಯಲ್ಲೂ ಹೊಡೆತ, ತಳ್ಳಾಟ ಶುರುವಾಯಿತು. ತಂದೆ ನನ್ನೆದುರು ಕೂತು, "ಮನೇಲಿ ಇವನು ಹೀಗೆ ಇಲ್ವೇ ಇಲ್ಲ ಸಾರ್. ಆ ಟೀಚರಿಗೆ ನಮ್ಮೋರನ್ನ ಕಂಡ್ರೆ ಆಗಲ್ಲ" ಎಂದರು. ತಾಯಿ ಮಾತಾಡಲಿಲ್ಲ. ನೆಲ ನೋಡುತ್ತಾ ಕೂತಿದ್ದರು. ಊರಿನಿಂದ ಅತ್ತೆ ದಿನವೂ ಫೋನು ಮಾಡಿ "ನೀನು ಸರಿಯಾಗಿ ಬೆಳೆಸಿಲ್ಲ" ಅನ್ನುತ್ತಿದ್ದರಂತೆ.

ಆ ಟೀಚರ್ ಕೆಲಸಕ್ಕೆ ಸೇರಿ ಎರಡನೇ ವರ್ಷದ ಹುಡುಗಿ. ತರಬೇತಿ ಪಡೆದಿದ್ದಳು. ಹತ್ತು ದಿನ ಒಂದು ಕಾರ್ಡಿನ ಮೇಲೆ ಎಲ್ಲವನ್ನೂ ಬರೆದಿಟ್ಟಳು. 11 ಸಲ ಜಗಳವಾಗಿತ್ತು. ಅದರಲ್ಲಿ 9 ಸಲ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವಾಗ, ಅದರಲ್ಲೂ ಸಾಲಾಗಿ ನಿಲ್ಲುವಾಗ. ಮನೆಯಲ್ಲಿ ಒಂದು ಮಗು, ನೋಡಿಕೊಳ್ಳಲು ಮೂರು ಜನ ದೊಡ್ಡವರು, ಸಾಲು ಎಲ್ಲಿಂದ ಬರಬೇಕು? ತಂದೆ ಹೇಳಿದ್ದೂ ನಿಜ, ಟೀಚರ್ ಹೇಳಿದ್ದೂ ನಿಜ. ಆ ಕಾರ್ಡನ್ನು ಮೇಜಿನ ಮೇಲಿಟ್ಟಾಗ ತಂದೆಯ ಧ್ವನಿ ತಗ್ಗಿತು. ತಾಯಿ ಮೊದಲ ಸಲ ತಲೆಯೆತ್ತಿ ನೋಡಿದರು.

ಟೀಚರ್ ಅವನಿಗೆ ಬಾಗಿಲು ಹಿಡಿಯುವ ಕೆಲಸ ಕೊಟ್ಟಳು. ಚಿತ್ರದ ಪಟ್ಟಿಯೊಂದನ್ನು ಅವನ ಡೆಸ್ಕಿಗೆ ಅಂಟಿಸಿದಳು. ತಂದೆತಾಯಿಯೂ ಪೋಷಕರ ತರಬೇತಿಗೆ ಹೋದರು. ಚಳಿಗಾಲದ ರಜೆ ಮುಗಿಯುವ ಹೊತ್ತಿಗೆ ಜಗಳ ವಾರಕ್ಕೊಂದಕ್ಕೆ ಇಳಿದಿತ್ತು. ಎಲ್ಲವೂ ಮಂತ್ರದಂತೆ ಮಾಯವಾಯಿತು ಎಂದು ಹೇಳಲಾರೆ. ಏಳನೇ ವಯಸ್ಸಿನಲ್ಲಿ ಅವನಿಗೆ ಎಡಿಎಚ್‌ಡಿ ಇರುವುದು ಖಚಿತವಾಗಿ ಚಿಕಿತ್ಸೆ ಶುರುವಾಯಿತು. ನಾಲ್ಕೈದು ವರ್ಷದ ಮಕ್ಕಳಲ್ಲಿ ಮಾತ್ರೆಗಿಂತ ಮುಂಚೆ ಪೋಷಕರ ತರಬೇತಿ, ತರಗತಿಯಲ್ಲಿನ ಬದಲಾವಣೆಗಳನ್ನು ಪ್ರಯತ್ನಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ಈಗಲೂ ಅವನು ವಾರಕ್ಕೆರಡು ಪೆನ್ಸಿಲ್ ಕಳೆಯುತ್ತಾನೆ. ಆದರೆ ಅವನನ್ನು ಯಾರೂ ಕೆಟ್ಟ ಹುಡುಗ ಅನ್ನುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವನೂ ತನ್ನನ್ನು ಹಾಗೆ ಅಂದುಕೊಂಡಿಲ್ಲ.

ಮಾತಾಡದ ಮಗು

ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ಸುಮ್ಮನೆ ಕೂತ ಮಗುವನ್ನು "ಬಹಳ ಒಳ್ಳೆಯ ಮಗು" ಎಂದು ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಕನ್ನಡ ಮಾತ್ರ ಕೇಳಿದ ಮಗು ಇಂಗ್ಲಿಷ್ ಶಾಲೆಯಲ್ಲಿ ಕೆಲವು ಕಾಲ ಮೌನವಾಗಿರುವುದು ಸಹಜ. ಅದು ಕೇಳಿಸಿಕೊಳ್ಳುತ್ತಿದೆ, ಒಳಗೇ ಸೇರಿಸಿಕೊಳ್ಳುತ್ತಿದೆ. ಆದರೆ ಭಾಷೆ ಅರ್ಥವಾದ ಮೇಲೂ, ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದೂ, ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೆ ಅದು ಆತಂಕದ ತೊಂದರೆ ಇರಬಹುದು. ಸೆಲೆಕ್ಟಿವ್ ಮ್ಯೂಟಿಸಂ ಎಂದು ಅದಕ್ಕೆ ಹೆಸರು. ಅದು ಹಟವಲ್ಲ, ಸೊಕ್ಕಲ್ಲ. ಬಲವಂತದಿಂದ ಮಾತಾಡಿಸಲು ಹೋದರೆ ಹೆಚ್ಚಾಗುತ್ತದೆ, ಬೇಗ ಗುರುತಿಸಿದರೆ ಚಿಕಿತ್ಸೆಗೆ ಚೆನ್ನಾಗಿ ಒಗ್ಗುತ್ತದೆ. ಇವೆರಡರ ವ್ಯತ್ಯಾಸ ಗುರುತಿಸುವುದನ್ನು ಟೀಚರುಗಳಿಗೆ ಹೇಳಿಕೊಡುತ್ತೇವೆ. ಅದರ ಜೊತೆಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: "ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದು ಪೋಷಕರಿಗೆ ಸಲಹೆ ಕೊಡಬೇಡಿ." ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ.

ಒಬ್ಬ ಟೀಚರ್ ತಾಯಿಯಿಂದ ಹತ್ತು ಕನ್ನಡ ಪದ ಬರೆಸಿಕೊಂಡು ತನ್ನ ಮೇಜಿಗೆ ಅಂಟಿಸಿಕೊಂಡಿದ್ದರು. ನೀರು, ಹಸಿವು, ನೋವು, ಸಾಕು, ಬೇಡ... ಕೊನೆಯಲ್ಲಿ "ಅಮ್ಮ ಬರ್ತಾಳೆ". ಆಕೆಯ ಉಚ್ಚಾರಣೆ ಕೇಳಿದರೆ ನೀವು ನಗುತ್ತಿದ್ದಿರಿ. ಆ ಮಗುವಿಗೆ ಮಾತ್ರ ಅದು ಅಳು ನಿಲ್ಲಿಸುವ ಮಾತಾಗಿತ್ತು.

ನಾವೇನು ಮಾಡಬಹುದು?

ಟೀಚರ್ ಕರೆಸಿದರೆ ಅದನ್ನು ಮನೆತನದ ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬೇಡಿ. "ಏನು ನೋಡಿದಿರಿ? ಯಾವ ಹೊತ್ತಿನಲ್ಲಿ? ಅದಕ್ಕೆ ಮುಂಚೆ ಏನಾಗಿತ್ತು?" ಎಂದು ಕೇಳಿ. ಮನೆಯಲ್ಲಿ ಆದ ಬದಲಾವಣೆಗಳನ್ನು, ಅಂದರೆ ಅಜ್ಜಿ ಊರಿಗೆ ಹಿಂದಿರುಗಿದ್ದು, ತಂಗಿ ಹುಟ್ಟಿದ್ದು, ಅಪ್ಪನ ಕೆಲಸ ಹೋದದ್ದು, ಇವನ್ನು ಟೀಚರಿಗೆ ತಿಳಿಸಿ. "ಜನ ಏನಂತಾರೆ", "ರೆಕಾರ್ಡಿನಲ್ಲಿ ಬೀಳುತ್ತೆ" ಎಂಬ ಹೆದರಿಕೆಯಿಂದ ಎರಡು ವರ್ಷ ಕಳೆದುಕೊಂಡ ಕುಟುಂಬಗಳನ್ನು ಕಂಡಿದ್ದೇನೆ. ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ, ಮೂರು ವರ್ಷ ತುಂಬಿದ ಮಗುವಿಗೆ ವಿಶೇಷ ನೆರವು ಬೇಕಾಗಬಹುದೆಂಬ ಅನುಮಾನವಿದ್ದರೆ ಸಾರ್ವಜನಿಕ ಶಾಲಾ ವ್ಯವಸ್ಥೆಯ ಮೂಲಕ ಉಚಿತವಾಗಿ ಪರೀಕ್ಷೆ ಮಾಡಿಸಬಹುದು. ನೀವು ಬರವಣಿಗೆಯಲ್ಲಿ ಕೇಳಿ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಶುರುವಾಗುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಅನೇಕರು ಹುಟ್ಟೂರಿನ ಶಾಲೆಗೆ ಬೆಂಚು, ಕಂಪ್ಯೂಟರ್, ಶೌಚಾಲಯ ಕಟ್ಟಿಸಿಕೊಟ್ಟಿದ್ದೀರಿ. ಬಹಳ ಒಳ್ಳೆಯ ಕೆಲಸ. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಯ ಅಕ್ಕಂದಿರು ಮಕ್ಕಳನ್ನು ತೂಗಿ ಚಾರ್ಟು ತುಂಬುತ್ತಾ ಬಂದಿದ್ದಾರೆ. ತೂಕ ನೋಡುವ ಆ ಕಣ್ಣಿಗೆ ಮನಸ್ಸನ್ನು ನೋಡುವುದನ್ನೂ ಕಲಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮಲ್ಲೇ ಇದೆ. ಮುಂದಿನ ಸಲ ಊರಿನ ಶಾಲೆಗೆ ಹಣ ಕಳಿಸುವಾಗ ಒಂದು ಭಾಗವನ್ನು ಅಲ್ಲಿನ ಟೀಚರುಗಳ ತರಬೇತಿಗೆಂದು ತೆಗೆದಿಡಿ ಎಂಬುದು ನನ್ನ ವಿನಂತಿ.

ಐದು ವರ್ಷದ ಮಗುವಿಗೆ "ನನಗೆ ಭಯವಾಗಿದೆ" ಎಂದು ಹೇಳಲು ಪದಗಳು ಇನ್ನೂ ಸಾಲವು. ಅದು ಕಚ್ಚಿ ಹೇಳುತ್ತದೆ, ಓಡಿ ಹೇಳುತ್ತದೆ, ಮೌನವಾಗಿದ್ದು ಹೇಳುತ್ತದೆ. ಮನೆಯಾಚೆಗೆ ಆ ಭಾಷೆಯನ್ನು ಮೊದಲು ಕೇಳಿಸಿಕೊಳ್ಳುವವರು ಅದರ ಟೀಚರ್. ಅವರಿಗೆ ಆ ಭಾಷೆ ಕಲಿಸೋಣ, ಅವರು ಕೇಳಿಸಿಕೊಂಡದ್ದನ್ನು ನಾವೂ ಕೇಳಿಸಿಕೊಳ್ಳೋಣ. ಎಲ್ಲರಿಗೂ ಹಬ್ಬದ ಶುಭಾಶಯಗಳು.