ಲಂಡನ್‌ನಿಂದ: ಒಂದು ಅಗುಳು ಸಾಲದು

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು. ಕ್ಯಾನ್ಸರ್ ಗಡ್ಡೆ ಹಾಗಲ್ಲ. ಇಲ್ಲಿ ಯುಸಿಎಲ್, ಕ್ರಿಕ್ ಸಂಸ್ಥೆಯವರ ಟ್ರೇಸರ್‌ಎಕ್ಸ್ ಅಧ್ಯಯನ 2014ರಲ್ಲಿ ಶುರುವಾಯ್ತು. ಆಪರೇಷನ್‌ನಲ್ಲಿ ತೆಗೆದ ಶ್ವಾಸಕೋಶದ ಗಡ್ಡೆಯ ಬೇರೆಬೇರೆ ಕಡೆಯ ಚೂರುಗಳಲ್ಲಿ ಡಿಎನ್‌ಎ ಜೊತೆ ಆರ್‌ಎನ್‌ಎಯನ್ನೂ ಓದ್ತಾರೆ. ಯಾವ ಜೀನ್ ಈಗ ಕೆಲಸ ಮಾಡ್ತಿದೆ ಅಂತ ಹೇಳೋದು ಆರ್‌ಎನ್‌ಎ. ಒಂದೇ ಗಡ್ಡೆಯ ಎರಡು ಕಡೆ ಎರಡು ಉತ್ತರ! ಅದಕ್ಕೇ 2019ರಲ್ಲಿ, ಎಲ್ಲಿಂದ ತೆಗೆದರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡೋ 23 ಜೀನ್ ಆರಿಸಿ 'ಒರಾಕಲ್' ಪರೀಕ್ಷೆ ರೂಪಿಸಿದರು. ಫಸ್ಟ್ ಸ್ಟೇಜ್‌ನವರಲ್ಲೂ ಅಪಾಯ ಯಾರಿಗೆ ಹೆಚ್ಚು ಅಂತ ಅದು ಸುಳಿವು ಕೊಡುತ್ತೆ.

ದೊಡ್ಡಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ. "ಫಸ್ಟ್ ಸ್ಟೇಜ್ ತಾನೇ, ಆಪರೇಷನ್ ಆಯ್ತಲ್ಲ, ಸ್ಕ್ಯಾನ್ ಯಾಕೆ?" ಅಂತಾರೆ. ಸ್ಟೇಜ್ ಹೇಳೋದು ಗಡ್ಡೆ ಎಷ್ಟಿದೆ, ಎಲ್ಲಿಗೆ ಹರಡಿದೆ ಅಂತ. ಅದರ ಸ್ವಭಾವ ಹೇಳಲ್ಲ. ಇಂಥ ಪರೀಕ್ಷೆ ನಮ್ಮೂರಿಗೆ ಬರೋವರೆಗೆ ಸ್ಕ್ಯಾನೇ ಕಾವಲು. ದೊಡ್ಡಮ್ಮ, ಈ ತಿಂಗಳು ನೀವೇ ಕರ್ಕೊಂಡು ಹೋಗಿ.