ಒಂದೇ ಬೇಸಿಗೆಯ ಸಲಗಗಳು

ಕೇರಳ ಎಂದ ಕೂಡಲೇ ನಿಮಗೆ ದೋಣಿಮನೆ, ಕಥಕಳಿ, ತೆಂಗಿನ ತೋಟ ನೆನಪಾಗಬಹುದು. ರಜೆಗೆ ಬೆಂಗಳೂರಿನ ಅಜ್ಜಿಮನೆಗೆ ಹೋದಾಗ ಒಂದು ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಎರ್ನಾಕುಲಂನಲ್ಲಿ ಇಳಿಯಿರಿ. ಅವನ್ನೆಲ್ಲ ಖಂಡಿತ ನೋಡಿ. ಆದರೆ ಆರ್‌ಸಿಬಿ ಎಂದರೆ ಪ್ರಾಣ ಬಿಡುವ ನೀವು ಅಲ್ಲಿಯ ಎರಡು ಆಟದ ಮೈದಾನಗಳನ್ನೂ ನೋಡಬೇಕು.

ಮೊದಲನೆಯದು ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣ. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ ಸಾಲು ಅಂಗಡಿಗಳಿವೆ. 2011ರ ಏಪ್ರಿಲ್ 9ರಂದು ಕೇರಳದ ಐಪಿಎಲ್ ತಂಡ ಕೊಚ್ಚಿ ಟಸ್ಕರ್ಸ್ ಇಲ್ಲಿ ತನ್ನ ಮೊದಲ ಪಂದ್ಯ ಆಡಿತು. ಟಸ್ಕರ್ ಎಂದರೆ ನಮ್ಮ ಸಲಗ. ಎದುರಾಳಿ ಯಾರು ಗೊತ್ತೇ? ನಮ್ಮ ಬೆಂಗಳೂರು! ಆರು ವಿಕೆಟ್‌ಗಳಿಂದ ನಾವೇ ಗೆದ್ದೆವು. ಆ ತಂಡದಲ್ಲೂ ನಮ್ಮವರೊಬ್ಬರಿದ್ದರು, ದಾವಣಗೆರೆಯ ವಿನಯ್ ಕುಮಾರ್.

ಮುಂಬಯಿಯಲ್ಲಿ ಸಚಿನ್ ಶತಕ ಹೊಡೆದ ದಿನವೂ ಗೆದ್ದದ್ದು ಕೊಚ್ಚಿಯೇ. ಮೇ 8ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಾತ್ರ ಕ್ರಿಸ್ ಗೇಲ್ ಅವರಿಗೆ ಒಂದೇ ಓವರಿನಲ್ಲಿ 37 ರನ್ ಬಿಟ್ಟುಕೊಟ್ಟರು. ಆ ಓವರ್ ಎಸೆದವರು ಕೇರಳದ ಹುಡುಗ ಪ್ರಶಾಂತ್ ಪರಮೇಶ್ವರನ್. ಕೊನೆಗೆ 14 ಪಂದ್ಯಗಳಲ್ಲಿ 6 ಗೆದ್ದು, ಹತ್ತು ತಂಡಗಳಲ್ಲಿ ಎಂಟನೆಯವರಾದರು. ಹೊಸಬರಿಗೆ ಅದೇನು ಕಡಿಮೆಯೇ?

ಕೆಟ್ಟದ್ದೆಲ್ಲ ಮೈದಾನದ ಹೊರಗೆ. 2010ರಲ್ಲಿ ಹಲವರು ಸೇರಿ ಸುಮಾರು 1,533 ಕೋಟಿ ರೂಪಾಯಿಗೆ ಈ ತಂಡವನ್ನು ಹಿಡಿದಿದ್ದರು. ಬ್ಯಾಂಕ್ ಗ್ಯಾರಂಟಿ ಕೊಡಲಿಲ್ಲವೆಂದು ಕ್ರಿಕೆಟ್ ಮಂಡಳಿ 2011ರ ಸೆಪ್ಟೆಂಬರಿನಲ್ಲಿ ತಂಡವನ್ನೇ ರದ್ದು ಮಾಡಿತು. ಮಾಲೀಕರಿಗೆ 538 ಕೋಟಿಗೂ ಹೆಚ್ಚು ಪರಿಹಾರ ಸಲ್ಲಬೇಕೆಂಬ ಮಧ್ಯಸ್ಥಗಾರರ ತೀರ್ಪನ್ನು ಬಾಂಬೆ ಹೈಕೋರ್ಟ್ 2025ರ ಜೂನಿನಲ್ಲಿ ಎತ್ತಿಹಿಡಿಯಿತು. ಟಿಕೆಟ್ ಕೊಂಡು ಬಂದು ಗಂಟಲು ಹರಿಯುವಂತೆ ಕೂಗಿದವರಿಗೆ ಪರಿಹಾರವೆಲ್ಲಿ?

ಗಾಲ್ಫ್‌ನಲ್ಲೂ ಇಂಥದ್ದು ನಡೆದಿದೆ. 2008ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ 25 ಲಕ್ಷ ಡಾಲರ್ ಬಹುಮಾನದ ಇಂಡಿಯನ್ ಮಾಸ್ಟರ್ಸ್ ನಡೆಯಿತು. ಕಲ್ಕತ್ತೆಯ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ ಎಸ್.ಎಸ್.ಪಿ. ಚೌರಾಸಿಯಾ ಗೆದ್ದರು. ಮರುವರ್ಷ ಪಂದ್ಯಾವಳಿಯೇ ಇಲ್ಲ!

ಕೊಚ್ಚಿಯ ಜನ ಸುಮ್ಮನೆ ಕೂರಲಿಲ್ಲ. 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ತಂಡ ಬಂದಾಗ ಅದೇ ಕ್ರೀಡಾಂಗಣವನ್ನು ಹಳದಿ ಅಂಗಿಗಳಿಂದ ತುಂಬಿದರು. 2018ರಲ್ಲಿ ಅಲ್ಲಿ ಏಕದಿನ ಕ್ರಿಕೆಟ್ ಪಂದ್ಯ ಆಡಿಸಲು ಹೊರಟಾಗ, ಫುಟ್‌ಬಾಲಿನ ಹುಲ್ಲುಹಾಸು ಹಾಳಾಗುತ್ತದೆಂದು ವಿರೋಧ ಎದ್ದಿತು. ಪಂದ್ಯ ಸುಮಾರು 200 ಕಿಲೋಮೀಟರ್ ದೂರದ ತಿರುವನಂತಪುರಕ್ಕೆ ಹೋಯಿತು.

ಅಲ್ಲಿಯ ಕಾರ್ಯವಟ್ಟಂನಲ್ಲಿದೆ ನಾನು ಹೇಳಿದ ಎರಡನೆಯ ಮೈದಾನ, ಗ್ರೀನ್‌ಫೀಲ್ಡ್ ಕ್ರೀಡಾಂಗಣ. 2023ರ ಜನವರಿ 15ರಂದು ನಿಮ್ಮ ವಿರಾಟ್ ಕೊಹ್ಲಿ ಔಟಾಗದೆ 166 ಹೊಡೆದದ್ದು ಇಲ್ಲೇ. ಅಂದು ಭಾರತ ಶ್ರೀಲಂಕಾವನ್ನು 317 ರನ್‌ಗಳಿಂದ ಸೋಲಿಸಿತು. 2024ರಲ್ಲಿ ಕೇರಳದವರು ತಮ್ಮದೇ ಕ್ರಿಕೆಟ್ ಲೀಗನ್ನು ಇಲ್ಲಿ ಶುರುಮಾಡಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಕಪ್ ಎತ್ತಿದ ತಂಡದ ಹೆಸರು ಕೊಚ್ಚಿ ಬ್ಲೂ ಟೈಗರ್ಸ್.

ನಮ್ಮ ಆರ್‌ಸಿಬಿ ಕಪ್ ಗೆದ್ದದ್ದೂ 2025ರಲ್ಲೇ, ಹದಿನೆಂಟನೆಯ ಪ್ರಯತ್ನದಲ್ಲಿ. ಅಷ್ಟು ವರ್ಷ ಸೋತಾಗಲೆಲ್ಲ "ಮುಂದಿನ ಸಲ ನೋಡೋಣ" ಎಂದು ನಾವು ಸಮಾಧಾನ ಪಟ್ಟುಕೊಂಡೆವು. ಟಸ್ಕರ್ಸ್‌ಗಾಗಿ ಕೂಗಿದವರಿಗೆ ಆ ಮುಂದಿನ ಸಲವೇ ಬರಲಿಲ್ಲ. ಕಲೂರಿಗೆ ಹೋದಾಗ, ನಿಮ್ಮ ಕೆಂಪು ಅಂಗಿ ತೊಟ್ಟುಕೊಂಡೇ, ಆ ಅಂಗಡಿಯವರನ್ನು ಮಾತನಾಡಿಸಿ. ಸಲಗಗಳ ಕಥೆ ಅವರ ಬಾಯಲ್ಲೇ ಕೇಳಿ ಬನ್ನಿ.