ಪ್ರಾಯ ಕೇಳಿ ಬಿಡಲಿಲ್ಲ

ನನಗೆ 76. ಕಡಬ ತಾಲೂಕಿನ ಅಡಿಕೆ ಕೃಷಿಕ. ಎಡಕೆನ್ನೆಯ ಒಳಗೆ, ಎಲೆ ಅಡಿಕೆ ಒತ್ತಿಟ್ಟುಕೊಳ್ಳುವಲ್ಲೇ ಎದ್ದ ಹುಣ್ಣು ಮಳೆಗಾಲ ಕಳೆದರೂ ಗುಣವಾಗಲಿಲ್ಲ. ಪುತ್ತೂರಿನಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ನಾನು ಹೊಗೆಸೊಪ್ಪು ಹಾಕುವವನಲ್ಲ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2004ರಲ್ಲೇ ವರದಿ ಕೊಟ್ಟಿದ್ದರಂತೆ.

ಮನೆಯಲ್ಲಿ ಎರಡು ಮಾತು. "ಈ ಪ್ರಾಯದಲ್ಲಿ ಅಣ್ಣನಿಗೆ ಆಪರೇಷನ್ ಬೇಡ" ಎಂದಳು ಸುಳ್ಯದ ತಂಗಿ. ಆಪರೇಷನ್, ರೇಡಿಯೇಶನ್, ಕೀಮೋ ಎಲ್ಲವೂ ಆಗಲಿ ಎಂದ ಬೆಂಗಳೂರಿನ ಮಗ. ಎದುರಿಗೇ ಕೂತಿದ್ದ ನನ್ನನ್ನು ಯಾರೂ ಕೇಳಲಿಲ್ಲ.

ಮಂಗಳೂರಿನ ಡಾಕ್ಟರು ಕೇಳಿದರು. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ ಗಡಿಯಾರ ನೋಡಿದರು. ಮೂರು ಶಬ್ದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಆ ಶಬ್ದಗಳನ್ನು ಮತ್ತೆ ಹೇಳಿಸಿದರು. ತೂಕ ಇಳಿದಿದೆಯಾ, ಬಿದ್ದದ್ದುಂಟಾ, ಸ್ನಾನ ನೀವೇ ಮಾಡುತ್ತೀರಾ, ಯಾವೆಲ್ಲ ಮಾತ್ರೆ? ಪಾಚಿಗಟ್ಟಿದ ಅಂಗಳದಲ್ಲಿ ನಾನು ಬಿದ್ದದ್ದನ್ನು ಹೆಂಡತಿ ಹೇಳಿದಳು. ಕಡೆಗೆ, "ಅಜ್ಜ, ನಿಮಗೆ ಯಾವುದು ಮುಖ್ಯ?"

"ಬಾಯಲ್ಲೇ ಉಣ್ಣಬೇಕು. ನಾಲ್ಕು ಜನರ ಹತ್ತಿರ ಮಾತಾಡಬೇಕು."

ನಡಿಗೆ, ನೆನಪು ಗಟ್ಟಿ. ತೂಕ, ರಕ್ತ ಕಡಿಮೆ. ನಿದ್ದೆಮಾತ್ರೆಯಿಂದಲೂ ಬೀಳುವ ಭಯ. ಅದನ್ನು ಮೆಲ್ಲ ಬಿಡಿಸಿ, ಊಟ ಸರಿಮಾಡಿಸಿ, ಆಮೇಲೆ ಆಪರೇಷನ್. 70 ದಾಟಿದವರಿಗೆ ರೇಡಿಯೇಶನ್ ಜೊತೆಗೆ ಕೀಮೋ ಸೇರಿಸಿದರೆ ಲಾಭ ಕಡಿಮೆಯೆಂದು ಕೀಮೋ ಬಿಟ್ಟರು. ರೇಡಿಯೇಶನ್ ವಾರಕ್ಕೆ 5 ದಿನದಂತೆ 6 ವಾರ. ಅಗೆದು ಹಾಕಿದ ಹೆದ್ದಾರಿಯಲ್ಲಿ ಉಪ್ಪಿನಂಗಡಿ ದಾಟಿ ದಿನಾ ಓಡಾಡುವುದು ಬೇಡ, ಮಂಗಳೂರಲ್ಲೇ ಕೋಣೆ ಮಾಡಿ ಎಂದರು.

ಆದರೂ ಸುಲಭವಿರಲಿಲ್ಲ. ಬಾಯಿತುಂಬ ಹುಣ್ಣು, ಜೊಲ್ಲು ಬತ್ತಿತು, ನೀರೂ ಕೆಂಡದಂತೆ ಸುಡುತ್ತಿತ್ತು. ಮೂಗಿನ ನಳಿಗೆಯಲ್ಲೇ ಆಹಾರ. ಒಂದು ರಾತ್ರಿ "ಸಾಕು, ಮನೆಗೆ ಹೋಗುವ" ಎಂದು ಚೀಟಿಯಲ್ಲಿ ಬರೆದೆ. "ಉಣ್ಣಬೇಕು ಅಂತ ಹೇಳಿದ್ದು ನೀವೇ ಅಲ್ಲವಾ?" ಎಂದಳು ಹೆಂಡತಿ.

ಈಗ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ಗಂಜಿ, ಮೆತ್ತಗಿನ ಅನ್ನ ಇಳಿಯುತ್ತದೆ. ನಮ್ಮೂರಿನ ಇನ್ನೊಬ್ಬರು, ಹಾಸಿಗೆ ಹಿಡಿದಿದ್ದವರು, ಇವೇ ಪ್ರಶ್ನೆಗಳಾದ ಮೇಲೆ ನೋವು ತಗ್ಗಿಸುವ ಚಿಕಿತ್ಸೆ ಸಾಕೆಂದರು. ಅವರಿಗೆ ಅದೇ ಸರಿ.

65 ದಾಟಿದವರಿಗೆ ಕೀಮೋಗೆ ಮೊದಲು ಇಂಥ ತಪಾಸಣೆ ಬೇಕೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2018ರಲ್ಲಿ ಹೇಳಿದೆ. ಡಾಕ್ಟರು ಪ್ರಾಯವಷ್ಟೇ ಕೇಳಿದರೆ ಉಳಿದದ್ದನ್ನು ನೀವೇ ಹೇಳಿ: ನಡೆಯಲಾಗುತ್ತದಾ, ಬಿದ್ದದ್ದುಂಟಾ, ಯಾವ ಮಾತ್ರೆ, ಮನೆಯಲ್ಲಿ ಯಾರಿದ್ದಾರೆ, ನಿಮಗೆ ಏನು ಬೇಕು.